ಡೆಪ್ಯುಟಿ ಚನ್ನಬಸಪ್ಪನವರ ಚರಿತ್ರೆ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ತಾಲೂಕುಗಳ ಹಳ್ಳಿಗಳಲ್ಲಿ ಜೂನ್ ತಿಂಗಳು ಬಂತೆಂದರೆ ಬಿತ್ತಿಗೆಯ ಚಿಂತೆಯ ಕೂಡ ಮತ್ತೊಂದು ಚಿಂತೆಯು ತಂದೆತಾಯಿಗಳನ್ನು ಹಿಡಿಯುತ್ತದೆ. ಮಗುವನ್ನು ಊರ ಸರಕಾರೀ ಕನ್ನಡ ಶಾಲೆಗೆ ಕಳುಹಿಸಬೇಕೋ, ಸಾಲ ಮಾಡಿಯಾದರೂ ಬಸ್ಸು ಹತ್ತಿಸಿ ಪೇಟೆಯ ಇಂಗ್ಲಿಷ್ ಶಾಲೆಗೆ ಕಳುಹಿಸಬೇಕೋ ಎಂಬದೇ ಆ ಚಿಂತೆ. ಇದು ಹೊಸ ಕಾಲದ ತೊಡಕೆಂದು ಅನೇಕರು ನೆನಸುತ್ತಾರೆ. ಹಾಗಲ್ಲ. ನೂರೈವತ್ತು ವರುಷಗಳ ಹಿಂದೆ ಇದೇ ಸೀಮೆಯಲ್ಲಿ ಇದೇ ಪ್ರಶ್ನೆಯು ಬೇರೊಂದು ವೇಷದಿಂದ ಬಂದಿತ್ತು. ಆಗ ಅದಕ್ಕೆ ಉತ್ತರ ಹುಡುಕಿದವರಲ್ಲಿ ಮುಖ್ಯರಾದ ಚನ್ನಬಸಪ್ಪನವರ ಚರಿತ್ರೆಯನ್ನು ನಾವು ಈ ತಿಂಗಳು ಸಂಕ್ಷೇಪವಾಗಿ ಹೇಳುವೆವು.

ಅವರು 1830ನೇ ಇಸವಿಯಾಗಿ ಮೂರು ನಾಲ್ಕು ವರುಷಗಳಲ್ಲಿ ಧಾರವಾಡದ ಒಂದು ಲಿಂಗಾಯತ ಮನೆತನದಲ್ಲಿ ಹುಟ್ಟಿದರು. ಮನೆಯ ಮಾತು ಕನ್ನಡ, ನೆರೆಹೊರೆಯ ಮಾತು ಕನ್ನಡ. ಆದರೆ ಹುಡುಗನು ಶಾಲೆಗೆ ಹೋಗಿ ಕುಳಿತಾಗ ಕಿವಿಗೆ ಬಿದ್ದದ್ದು ಮರಾಠಿ. ಇದರ ಕಾರಣವನ್ನು ಈಗಿನವರಿಗೆ ಸ್ವಲ್ಪ ವಿವರಿಸಬೇಕು. 1818ರಲ್ಲಿ ಪೇಶವೆಯರ ರಾಜ್ಯವು ಬಿದ್ದ ಮೇಲೆ ಧಾರವಾಡ ಸೀಮೆಯು ಮುಂಬಯಿ ಸರಕಾರಕ್ಕೆ ಸೇರಿತು. ಪೇಶವೆಯರು ಹೋದರು, ಅವರ ದಫ್ತರವು ಹೋಗಲಿಲ್ಲ. ಕಚೇರಿಯ ಲೆಕ್ಕಪತ್ರಗಳು ಮೋಡಿ ಅಕ್ಷರದ ಮರಾಠಿಯಲ್ಲಿದ್ದವು. ಅವನ್ನು ಬಲ್ಲ ಕಾರಕೂನರಿಗೇ ಮರ್ಯಾದೆಯಿತ್ತು. 1826ರಲ್ಲಿ ಸರಕಾರದವರು ಧಾರವಾಡದಲ್ಲಿ ಮೊದಲನೆಯ ಶಾಲೆಯನ್ನು ತೆರೆದಾಗ ಅದು ಮರಾಠಿ ಶಾಲೆಯೇ ಆಯಿತು. ಸರಕಾರೀ ಕನ್ನಡ ಶಾಲೆಗಳು 1835ರ ಹೊತ್ತಿಗೆ ಬಂದವು. ಅದಕ್ಕೂ ಮುಂಚೆ ವಾಲ್ಟರ್ ಎಲಿಯಟ್ ಎಂಬ ದೊರೆಯು ತನ್ನ ಸ್ವಂತ ಹಣದಿಂದ ಒಂದು ಕನ್ನಡ ಶಾಲೆಯನ್ನು ನಡಿಸಿದ್ದುಂಟು. 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದ ಬಾಸೆಲ್ ಮಿಶನಿನವರು ಮೊದಲಿನಿಂದಲೂ ಕನ್ನಡದಲ್ಲೇ ಕಲಿಸಿದರು. ಆದರೂ ದೊಡ್ಡ ಹೊಳೆಯು ಮರಾಠಿಯ ಕಡೆಗೇ ಹರಿಯುತ್ತಿತ್ತು.

ಇದನ್ನು ಸರಕಾರದವರ ತಪ್ಪೆಂದು ಮಾತ್ರ ಹೇಳಿದರೆ ನ್ಯಾಯವಾಗದು. ಕನ್ನಡದ ತಂದೆಗಳೇ ಮರಾಠಿಯನ್ನು ಕೇಳುತ್ತಿದ್ದರು. ಯಾಕಂದರೆ ಮಾಮಲೇದಾರ ಕಚೇರಿಯ ಬಾಗಿಲು ಆ ಭಾಷೆಗೆ ತೆರೆಯುತ್ತಿತ್ತು. ಕನ್ನಡ ಕಲಿತವನಿಗೆ ಎತ್ತಿನ ಬಾಲ ತಪ್ಪಲಿಲ್ಲ, ಮರಾಠಿ ಕಲಿತವನಿಗೆ ಲೇಖಣಿ ಸಿಕ್ಕಿತು ಎಂದು ಅವರು ಕಣ್ಣಾರೆ ಕಂಡಿದ್ದರು. ಹೊಟ್ಟೆಯ ಲೆಕ್ಕದಲ್ಲಿ ಅವರು ಮೂಢರಾಗಿರಲಿಲ್ಲ. ಆದರೆ ಆ ಶಾಲೆಯಲ್ಲಿ ಕುಳಿತ ಒಕ್ಕಲಿಗರ ಹುಡುಗನು ಮೊದಲು ಅನ್ಯಮಾತನ್ನು ಕಲಿಯಬೇಕು, ತರುವಾಯ ಆ ಮಾತಿನಿಂದ ಲೆಕ್ಕವನ್ನೂ ಭೂಗೋಲವನ್ನೂ ಕಲಿಯಬೇಕು. ಬಹುಮಂದಿ ಮೊದಲನೆಯ ಮೆಟ್ಟಲಲ್ಲೇ ನಿಂತು ಹೊಲಕ್ಕೆ ಹಿಂದಿರುಗಿದರು. ಆರಿಸಿಕೊಂಡದ್ದು ನೂರು ಮಂದಿಯಾದರೆ ಫಲ ಉಂಡವರು ಕೆಲವೇ ಮಂದಿ.

ಚನ್ನಬಸಪ್ಪನವರು ಈ ಮೆಟ್ಟಲನ್ನು ದಾಟಿದವರು. ಮರಾಠಿಯನ್ನು ಚೆನ್ನಾಗಿ ಕಲಿತರು. ಇಂಗ್ಲಿಷ್ ಕಲಿಯಬೇಕೆಂಬ ಆಶೆಯು ಅವರನ್ನು ಬಿಡಲಿಲ್ಲ. ಮನೆಯವರಿಗೆ ಅದು ಮನಸ್ಸಿಲ್ಲದ ಕೆಲಸ. ಆದಾಗ್ಯೂ ಅವರು ಕಾಲುನಡಿಗೆಯಿಂದ ಪುಣೆಗೆ ಹೋದರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಧಾರವಾಡದಿಂದ ಪುಣೆಗೆ ನಾನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಧಾರವಾಡಕ್ಕೆ ಉಗಿಬಂಡಿ ಬಂದದ್ದು ಅವರು ತೀರಿಹೋದ ಮೇಲೆಯೇ. ಮಳೆ ಬಂದರೆ ಹೊಳೆಯ ದಂಡೆಯಲ್ಲಿ ದೋಣಿಗಾಗಿ ಕಾದಿರಬೇಕಾದ ಆ ಕಾಲದಲ್ಲಿ ಒಬ್ಬ ಹುಡುಗನು ಶಾಲೆಗೋಸ್ಕರ ಇಷ್ಟು ದೂರ ನಡೆದನೆಂಬದನ್ನು ಓದುವಾಗ ನಮಗೆ ಆಶ್ಚರ್ಯವಾಗುತ್ತದೆ. ಹೀಗೆ ಸ್ವಂತ ಮನಸ್ಸಿನಿಂದ ಶಾಲೆಯನ್ನು ಆರಿಸಿಕೊಂಡವರು ಮುಂದೆ ಇತರರ ಶಾಲೆಯ ಭಾಷೆಯನ್ನು ಬದಲಿಸುವ ಅಧಿಕಾರಿಯಾದರೆಂಬದನ್ನು ವಾಚಕರು ಗಮನಿಸಬೇಕು.

ಪುಣೆಯಿಂದ ಹಿಂದಿರುಗಿದ ಮೇಲೆ ಅವರು ವಿದ್ಯಾಖಾತೆಗೆ ಸೇರಿದರು. 1854ರಲ್ಲಿ ವುಡ್ ಸಾಹೇಬರ ಆಜ್ಞಾಪತ್ರವು ವಿಲಾಯತಿಯಿಂದ ಬಂದು, ಪ್ರತಿಯೊಂದು ಪ್ರಾಂತದಲ್ಲಿ ವಿದ್ಯಾಖಾತೆ ಇರಬೇಕೆಂದೂ ದೇಶಭಾಷೆಗಳಲ್ಲಿ ಜನರಿಗೆ ಕಲಿಸಬೇಕೆಂದೂ ನಿಯಮವಾಗಿತ್ತು. ಆದರೆ ಕಾಗದದ ಮೇಲಿನ ದೇಶಭಾಷೆಯು ಧಾರವಾಡದಲ್ಲಿ ಯಾವದು? ಚನ್ನಬಸಪ್ಪನವರು ಧಾರವಾಡದ ನಾರ್ಮಲ್ ಸ್ಕೂಲಿನ, ಅಂದರೆ ಮಾಸ್ತರರನ್ನು ತಯಾರಿಸುವ ಶಾಲೆಯ, ಮುಖ್ಯೋಪಾಧ್ಯಾಯರಾದಾಗ ಈ ಪ್ರಶ್ನೆಯ ಬೇರು ಅವರ ಕೈಗೆ ಸಿಕ್ಕಿತು. ಹಳ್ಳಿಗೆ ಕನ್ನಡ ಶಾಲೆ ಕೊಡುವೆವೆಂದರೆ ಸಾಲದು. ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರನು ಬೇಕು, ಅವನ ಕೈಯಲ್ಲಿ ಕನ್ನಡದ ಪುಸ್ತಕ ಬೇಕು. ಎರಡೂ ಇರಲಿಲ್ಲ. ಅವರು ಮಾಸ್ತರರನ್ನು ತಯಾರಿಸಿದರು, ಬಲ್ಲವರಿಂದ ಪುಸ್ತಕಗಳನ್ನು ಬರೆಯಿಸಿದರು. ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿ ಮೊದಲಾದವರು ಆ ಕಾಲದಲ್ಲಿ ಕನ್ನಡಕ್ಕಾಗಿ ದುಡಿದವರು. ತಾವೂ ಸುಮ್ಮನಿರದೆ ಶೇಕ್ಸ್‌ಪಿಯರ್ ಕವಿಯ ಒಂದು ಹಾಸ್ಯ ನಾಟಕವನ್ನು ನಗಡವರನ್ನು ನಗಿಸುವ ಕಥೆ ಎಂಬ ಹೆಸರಿನಿಂದ 1871ರಲ್ಲಿ ಕನ್ನಡಕ್ಕೆ ತಂದರು. ನಗಡವರೆಂದರೆ ನಗದವರು.

ತರುವಾಯ ಅವರು ಡೆಪ್ಯುಟಿ ಇನ್ಸ್‌ಪೆಕ್ಟರರಾದರು. ಈ ಹುದ್ದೆಯೇ ಅವರ ಹೆಸರಿಗೆ ಅಂಟಿ, ಜನರು ಇಂದಿನ ವರೆಗೂ ಅವರನ್ನು ಡೆಪ್ಯುಟಿ ಚನ್ನಬಸಪ್ಪನವರೆಂದೇ ಕರೆಯುತ್ತಾರೆ. ಮೇಲಿನ ಅಧಿಕಾರಿಯಾದ ರಸೆಲ್ ಸಾಹೇಬರ ಬೆಂಬಲವು ದೊರೆಯಿತು. ಕನ್ನಡ ಜನರ ಊರುಗಳಲ್ಲಿದ್ದ ಮರಾಠಿ ಶಾಲೆಗಳು ಒಂದೊಂದಾಗಿ ಕನ್ನಡ ಶಾಲೆಗಳಾದವು. ಇದಕ್ಕೆ ಇನ್ನೊಂದು ಅನುಕೂಲವೂ ಇತ್ತು. ಆ ಹತ್ತು ವರುಷಗಳಲ್ಲಿ ಮುಂಬಯಿ ಸರಕಾರದವರು ಭೂಮಿಯ ಕಂದಾಯದ ರೂಪಾಯಿಗೆ ಒಂದು ಆಣೆಯಂತೆ ಲೋಕಲ್ ಫಂಡ್ ಪಟ್ಟಿಯನ್ನು ಹಾಕಿ, ಅದರ ಮೂರರಲ್ಲೊಂದು ಪಾಲನ್ನು ಶಾಲೆಗಳಿಗೆ ಇಟ್ಟರು. ಹಾನಗಲ್ಲಿನ ಭತ್ತದ ಗದ್ದೆಯವನೂ, ಆಗ ಕೋಡ ತಾಲೂಕೆನಿಸಿದ್ದ ಹಿರೇಕೆರೂರಿನ ಜೋಳದ ಹೊಲದವನೂ, ಬಂಕಾಪುರ ತಾಲೂಕೆನಿಸಿದ್ದ ಶಿಗ್ಗಾಂವಿಯವನೂ ಹೀಗೆ ಶಾಲೆಗೆ ಹಣ ತೆತ್ತವರಾದರು. ಹಣ ಕೊಟ್ಟವನ ಮಗನಿಗೆ ತಿಳಿಯದ ಮಾತಿನಲ್ಲಿ ಕಲಿಸುವದು ಎಂಥ ಧರ್ಮ? ಸವಣೂರಿನ ಸಂಗತಿ ಮಾತ್ರ ಬೇರೆ. ಅದು 1948ರ ವರೆಗೆ ನವಾಬರ ಸಂಸ್ಥಾನವಾಗಿತ್ತು.

ಇದರ ಫಲವು ಒಂದೇ ದಿನದಲ್ಲಿ ಕಾಣಲಿಲ್ಲ. ಆದರೆ ಕಾಲಕ್ರಮದಲ್ಲಿ ಒಕ್ಕಲಿಗರ, ನೇಕಾರರ, ಸಣ್ಣ ವ್ಯಾಪಾರಿಗಳ ಮಕ್ಕಳು ಓದುಬರಹ ಕಲಿತರು. ಮುಲ್ಕೀ ಪರೀಕ್ಷೆ ಪಾಸಾದವರಿಗೆ ಮಾಸ್ತರಿಕೆಯೂ ಸಿಕ್ಕುವಂತಾಯಿತು. ಕಚೇರಿಯ ಅನ್ನವು ಕನ್ನಡಕ್ಕೂ ಸ್ವಲ್ಪ ದೊರೆಯಲಾರಂಭಿಸಿದ ಮೇಲೆ ತಂದೆಗಳ ಮನಸ್ಸೂ ತಿರುಗಿತು. ಈ ಕ್ರಮವನ್ನು ನಾವು ಮುಖ್ಯವೆಂದು ಎಣಿಸುತ್ತೇವೆ. ಮರಾಠಿ ಮನೆಮಾತಾಗಿದ್ದ ಕುಟುಂಬಗಳಿಗೆ ಈ ಬದಲಾವಣೆಯು ಕಹಿಯಾಗಿದ್ದಿರಬೇಕು. ಅವರ ಮಕ್ಕಳೂ ಮಕ್ಕಳೇ ಎಂಬದನ್ನು ಕನ್ನಡಾಭಿಮಾನದ ಬರಹಗಳು ಒಮ್ಮೊಮ್ಮೆ ಮರೆಯುತ್ತವೆ.

ಇನ್ನೊಂದು ಸಂಗತಿಯನ್ನು ಬಿಟ್ಟರೆ ನಮ್ಮ ಸಭೆಗಳವರಿಗೆ ನಾವು ಸತ್ಯವನ್ನು ಅರ್ಧ ಹೇಳಿದಂತಾಗುವದು. ಯಾವ ಶಾಲೆಯೆಂದು ಆರಿಸುವದು ಯಾರಿಗೆ ಬಾಗಿಲು ತೆರೆದಿದೆಯೋ ಅವರ ಮಾತು. 1856ರಲ್ಲಿ ಮಹಾರ ಜಾತಿಯ ಒಬ್ಬ ಹುಡುಗನು ಧಾರವಾಡದ ಸರಕಾರೀ ಶಾಲೆಗೆ ಸೇರಬೇಕೆಂದು ಕೇಳಿಕೊಂಡಾಗ ಅವನನ್ನು ಸೇರಿಸಿಕೊಳ್ಳಲಿಲ್ಲ. ಅವನು ಮುಂಬಯಿ ಸರಕಾರಕ್ಕೆ ಅರ್ಜಿ ಬರೆದನು. ಅವನ ಕಡೆಗೆ ನ್ಯಾಯವಿದೆಯೆಂದು ಆ ಸರಕಾರವು ಒಪ್ಪಿತು. ಆದರೆ ಅವನೊಬ್ಬನನ್ನು ಸೇರಿಸಿದರೆ ಉಳಿದವರೆಲ್ಲರೂ ಶಾಲೆ ಬಿಡುವರೆಂದು ಹೆದರಿ ಹಿಂದೆ ಸರಿಯಿತು. ಹಿಂದುಸ್ಥಾನ ಸರಕಾರವು 1857ರಲ್ಲಿ ಇದನ್ನು ಮೆಚ್ಚಲಿಲ್ಲ. 1858ರಲ್ಲಿ ಕಂಪನಿಯ ಡೈರೆಕ್ಟರರು ಜಾತಿಯ ಕಾರಣದಿಂದ ಯಾರನ್ನೂ ಸರಕಾರೀ ಶಾಲೆಯಿಂದ ದೂರವಿಡಬಾರದೆಂದು ತೀರ್ಮಾನಿಸಿದರು. ತೀರ್ಮಾನವು ಕಾಗದದಲ್ಲಿ ಬಹುಕಾಲ ಮಲಗಿತು. ಇಂಥ ಮಕ್ಕಳನ್ನು ಶಾಲೆಯ ಜಗಲಿಯ ಮೇಲೆ ಕುಳ್ಳಿರಿಸಿದ ಕಾಲವು ಅದರ ತರುವಾಯವೂ ಬಂತು. ಚನ್ನಬಸಪ್ಪನವರ ಕಾಲದ ಕನ್ನಡ ಶಾಲೆಯು ಎಲ್ಲಾ ಕನ್ನಡಿಗರ ಶಾಲೆಯಾಗಿರಲಿಲ್ಲ.

ನಮ್ಮ ಕಾಲಕ್ಕೆ ಬರುವ. ಮರಾಠಿಯ ಸ್ಥಳದಲ್ಲಿ ಈಗ ಇಂಗ್ಲಿಷ್ ನಿಂತಿದೆ, ತಂದೆತಾಯಿಗಳ ಲೆಕ್ಕವು ಹಿಂದಿನಂತೆಯೇ ಇದೆ. 1994ರಲ್ಲಿ ಕರ್ನಾಟಕ ಸರಕಾರವು ಕಿರಿಯ ತರಗತಿಗಳ ಪಾಠವು ಕನ್ನಡದಲ್ಲಿ ಇಲ್ಲವೆ ಮಾತೃಭಾಷೆಯಲ್ಲಿ ಇರಬೇಕೆಂದು ಮಾಡಿದ ಆಜ್ಞೆಯ ಮೇಲೆ ಬಹುವರುಷ ವ್ಯಾಜ್ಯ ನಡೆದು, ಸರಕಾರವು ಭಾಷೆಯನ್ನು ಬಲಾತ್ಕಾರವಾಗಿ ಹೇರಲಾರದು, ಆರಿಸುವ ಹಕ್ಕು ತಂದೆತಾಯಿಗಳದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಖಾಸಗೀ ಶಾಲೆಗಳ ನೂರಕ್ಕೆ 25 ಸ್ಥಳಗಳನ್ನು ಬಡವರ ಮತ್ತು ಹಿಂದುಳಿದವರ ಮಕ್ಕಳಿಗೆ ಇಟ್ಟಿತು. ಆದರೆ 2019ರಿಂದ ಈ ರಾಜ್ಯದಲ್ಲಿ, ಹತ್ತಿರ ಸರಕಾರೀ ಶಾಲೆಯಾಗಲಿ ಅನುದಾನದ ಶಾಲೆಯಾಗಲಿ ಇರುವಲ್ಲಿ ಆ ಸ್ಥಳಗಳು ಇಲ್ಲದಂತಾದವು. ಅದೇ ವರುಷ ಸಾವಿರ ಸರಕಾರೀ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಲಾಯಿತು. ಕೈಯಲ್ಲಿ ಹಣವುಳ್ಳವನು ಮಗುವನ್ನು ಪೇಟೆಗೆ ಒಯ್ಯುತ್ತಾನೆ. ಊರ ಶಾಲೆಯಲ್ಲಿ ಮಕ್ಕಳು ಕಡಿಮೆಯಾದರೆ ಮಾಸ್ತರರೂ ಕಡಿಮೆಯಾಗುತ್ತಾರೆ. ಉಳಿದವರು ಕೂಲಿಯವರ ಮಕ್ಕಳು. ನಮ್ಮ ಸಭೆಗಳ ಮಕ್ಕಳಲ್ಲಿ ಬಹುಮಂದಿ ಈ ಉಳಿದವರಲ್ಲಿದ್ದಾರೆ. ಚನ್ನಬಸಪ್ಪನವರು ಬರೀ ಆಜ್ಞೆಯನ್ನು ನಂಬದೆ ಮೊದಲು ಮಾಸ್ತರನನ್ನೂ ಪುಸ್ತಕವನ್ನೂ ಒದಗಿಸಿದರೆಂಬದು ನಮಗೆ ಈ ಹೊತ್ತಿನಲ್ಲಿ ಪದೇ ಪದೇ ನೆನಪಿಗೆ ಬರುತ್ತದೆ.

ಅವರು ಹೆಚ್ಚು ಕಾಲ ಬದುಕಲಿಲ್ಲ. 1881ರಲ್ಲಿ, ಇನ್ನೂ ಐವತ್ತು ವರುಷ ತುಂಬುವ ಮುಂಚೆ ತೀರಿಹೋದರು. ಮರುವರುಷ ಹಂಟರ್ ಸಾಹೇಬರ ಕಮಿಶನ್ನು ದೇಶದ ಶಾಲೆಗಳ ವಿಚಾರಣೆಗೆ ಹೊರಟಿತು. ಧಾರವಾಡ ಸೀಮೆಯ ಶಾಲೆಗಳ ವಿಷಯದಲ್ಲಿ ಅವರಷ್ಟು ಬಲ್ಲ ಸಾಕ್ಷಿಯು ಆಗ ಇರಲಿಲ್ಲ. ಆದರೂ ಆ ಕಮಿಶನ್ನಿನ ವರದಿಯಲ್ಲಿ ಧಾರವಾಡದ ಹೆಸರು ಬಂತು: 1856ರಲ್ಲಿ ಬಾಗಿಲಿನಿಂದ ಹಿಂದಿರುಗಿದ ಆ ಹುಡುಗನ ಸಂಗತಿಯನ್ನು ಅದರಲ್ಲಿ ಬರೆದು, ಡೈರೆಕ್ಟರರ ತೀರ್ಮಾನವನ್ನು ಸರಕಾರೀ ಶಾಲೆಗಳಲ್ಲಿ ನಡಿಸಬೇಕೆಂದು ಪುನಃ ಹೇಳಿದರು.