ಮಣ್ಣಿನಿಂದ ಹೊಟ್ಟೆಗೆ: ಲೂಯಿ ಪಾಶ್ಚರ್ ಹುಡುಕಿದ ದಾರಿ

ಹಾಲಿನ ಪ್ಯಾಕೆಟ್ ಮೇಲೆ ‘ಪಾಶ್ಚರೀಕರಿಸಿದ’ ಎಂಬ ಪದವನ್ನು ನಾವೆಲ್ಲ ನೋಡಿರುತ್ತೇವೆ. ಅದರಿಂದಾಗಿ ಲೂಯಿ ಪಾಶ್ಚರ್ ಎಂದರೆ ಸೂಕ್ಷ್ಮಜೀವಿಗಳನ್ನು ಕೊಲ್ಲುವುದನ್ನು ಕಲಿಸಿದ ವಿಜ್ಞಾನಿ ಎಂಬ ಚಿತ್ರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಇದು ಅರ್ಧ ಸತ್ಯ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲು ಮೇಯುವ ಪ್ರಾಣಿಯ ದೇಹ ಸೇರುವುದು ಹೇಗೆ ಎಂದು ಹೊಲದಲ್ಲೇ ನಿಂತು ಹುಡುಕಿದವರಲ್ಲಿ ಅವರೂ ಒಬ್ಬರು. ಆ ಜೀವಿಗಳಿಲ್ಲದೆ ಪ್ರಾಣಿ ಬದುಕಬಲ್ಲದೇ ಎಂಬ ಪ್ರಶ್ನೆಯನ್ನೂ ಅವರು ಕೇಳಿದ್ದರು.

ಗಾಳಿ ಬೇಡದ ಜೀವಿಗಳು

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ಡೋಲ್ ಎಂಬ ಊರಿನಲ್ಲಿ. ತಂದೆ ಚರ್ಮ ಹದ ಮಾಡುವ ಕೆಲಸದವರು. ಬೆಳೆದದ್ದು ಹತ್ತಿರದ ಆರ್ಬ್ವಾ ಎಂಬ ಸಣ್ಣ ಪಟ್ಟಣದಲ್ಲಿ. ಓದಿದ್ದು ರಸಾಯನ ವಿಜ್ಞಾನ. ಅವರು ವೈದ್ಯರೂ ಅಲ್ಲ, ಪಶುವೈದ್ಯರೂ ಅಲ್ಲ. 1854ರಲ್ಲಿ ಲೀಲ್ ನಗರಕ್ಕೆ ಪ್ರಾಧ್ಯಾಪಕರಾಗಿ ಹೋದಾಗ, ಅಲ್ಲಿನ ಮದ್ಯ ತಯಾರಕರ ತೊಂದರೆಗಳನ್ನು ಬಿಡಿಸಲು ಹೊರಟು ಹುದುಗುವಿಕೆಯ ಅಧ್ಯಯನಕ್ಕೆ ಇಳಿದರು.

1861ರಲ್ಲಿ ಅವರಿಗೊಂದು ವಿಚಿತ್ರ ಕಣ್ಣಿಗೆ ಬಿತ್ತು. ಬ್ಯುಟಿರಿಕ್ ಆಮ್ಲ ಉಂಟಾಗುತ್ತಿದ್ದ ದ್ರವದ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಹನಿಯ ನಡುವೆ ಇದ್ದ ಜೀವಿಗಳು ಚುರುಕಾಗಿ ಓಡಾಡುತ್ತಿದ್ದವು. ಗಾಳಿ ತಾಗುವ ಅಂಚಿನಲ್ಲಿದ್ದವು ಮಾತ್ರ ಅಲುಗಾಡದೆ ನಿಂತಿದ್ದವು. ಈ ಜೀವಿಗಳಿಗೆ ಆಮ್ಲಜನಕ ಬೇಕಾಗಿಲ್ಲ, ಅದು ಅವಕ್ಕೆ ವಿಷ ಎಂದು ಪಾಶ್ಚರ್ ತೀರ್ಮಾನಿಸಿದರು. ಆಮ್ಲಜನಕವಿಲ್ಲದೆ ಬದುಕುವ ಜೀವಿಗಳಿಗೆ ‘ಅನೆರೋಬಿಕ್’ ಎಂಬ ಹೆಸರು ಕೊಟ್ಟವರೂ ಅವರೇ.

ಇದಕ್ಕೂ ಮೇಯುವ ಪ್ರಾಣಿಗೂ ಏನು ಸಂಬಂಧ? ಹಸು, ಕುರಿ, ಜಿಂಕೆ, ಕಾಡುಕೋಣ ಇವೆಲ್ಲ ಮೆಲುಕು ಹಾಕುವ ಪ್ರಾಣಿಗಳು. ಹುಲ್ಲಿನ ನಾರನ್ನು ಒಡೆಯುವ ಕಿಣ್ವ ಅವುಗಳ ದೇಹದಲ್ಲಿ ತಯಾರಾಗುವುದಿಲ್ಲ. ರೂಮೆನ್ ಎಂಬ ದೊಡ್ಡ ಹೊಟ್ಟೆಯಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡುತ್ತವೆ. ಅಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ನಾರು ಹುದುಗಿ ಅಸಿಟಿಕ್, ಪ್ರೊಪಿಯೋನಿಕ್ ಮತ್ತು ಬ್ಯುಟಿರಿಕ್ ಆಮ್ಲಗಳಾಗುತ್ತದೆ. ಪ್ರಾಣಿಗೆ ಬೇಕಾದ ಶಕ್ತಿಯ ಹೆಚ್ಚಿನ ಪಾಲು ಬರುವುದು ಈ ಆಮ್ಲಗಳಿಂದಲೇ. ಪಾಶ್ಚರ್ ಹನಿಯಲ್ಲಿ ಕಂಡದ್ದು ಇಂಥದೇ ಬದುಕಿನ ಒಂದು ಸಣ್ಣ ನೋಟ.

ಶಾಪದ ಹೊಲಗಳು

ಅವರ ಮನೆಯ ಬದುಕು ಸುಖದ್ದಾಗಿರಲಿಲ್ಲ. ಐದು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು 1859ರಿಂದ 1866ರ ನಡುವೆ ತೀರಿಕೊಂಡರು. ಅವರಲ್ಲಿ ಇಬ್ಬರನ್ನು ಬಲಿ ತೆಗೆದುಕೊಂಡದ್ದು ಟೈಫಾಯ್ಡ್. 1868ರಲ್ಲಿ, 45ನೇ ವಯಸ್ಸಿನಲ್ಲಿ, ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಪೂರ್ತಿ ಚೇತರಿಕೆ ಆಗಲೇ ಇಲ್ಲ. ಅವರ ಲಸಿಕೆಯ ಕೆಲಸಗಳೆಲ್ಲ ಇದರ ನಂತರದವು.

ಆಗ ಫ್ರಾನ್ಸಿನ ಕುರಿಗಾರರನ್ನು ಆಂಥ್ರಾಕ್ಸ್, ಅಂದರೆ ನೆರಡಿ ರೋಗ, ಹಣ್ಣು ಮಾಡಿತ್ತು. ಕೆಲವು ಹೊಲಗಳಲ್ಲಿ ಮೇಯಲು ಬಿಟ್ಟರೆ ಸಾಕು, ಕುರಿಗಳು ಸಾಯುತ್ತಿದ್ದವು. ವರ್ಷಗಟ್ಟಲೆ ಬೀಳು ಬಿಟ್ಟರೂ ಅಪಾಯ ಹೋಗುತ್ತಿರಲಿಲ್ಲ. ಜನ ಅವನ್ನು ಶಾಪ ತಟ್ಟಿದ ಹೊಲಗಳೆಂದೇ ಕರೆಯುತ್ತಿದ್ದರು. 1876ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಇದರ ಹಿಂದಿನ ಜೀವಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅದು ಸ್ಪೋರ್ ಎಂಬ ಗಟ್ಟಿ ಬೀಜಾಣುಗಳಾಗಿ ಬದಲಾಗಬಲ್ಲದು ಎಂದು ತೋರಿಸಿದ್ದರು. ಬಿಸಿಲು, ಒಣಹವೆ, ಚಳಿ ಎಲ್ಲವನ್ನೂ ತಡೆದುಕೊಂಡು ಬೀಜಾಣು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲದು. ಆದರೆ ಅದು ಮಣ್ಣಿನಿಂದ ಕುರಿಯ ರಕ್ತಕ್ಕೆ ಹೇಗೆ ಹೋಗುತ್ತದೆ?

1878ರಲ್ಲಿ ಪಾಶ್ಚರ್ ತಮ್ಮ ಸಹಾಯಕರಾದ ಶಾಂಬರ್ಲಾಂಡ್ ಮತ್ತು ರೂ ಅವರೊಂದಿಗೆ ಶಾರ್ಟ್ರ್ ಪಟ್ಟಣದ ಬಳಿಯ ಹೊಲಗಳಿಗೆ ಹೋದರು. ಬೀಜಾಣು ಬೆರೆಸಿದ ಕುದುರೆಮಸಾಲೆ ಸೊಪ್ಪನ್ನು ಕುರಿಗಳಿಗೆ ತಿನ್ನಿಸಿದಾಗ ಸತ್ತದ್ದು ಕೆಲವೇ. ಅದೇ ಮೇವಿಗೆ ಮುಳ್ಳುಗಿಡದ ಎಲೆ, ಬಾರ್ಲಿ ತೆನೆಯ ಚೂಪಾದ ಮುಳ್ಳು ಸೇರಿಸಿದಾಗ ಸಾವು ಹೆಚ್ಚಿತು. ಅಂದರೆ ಬೀಜಾಣು ಹೊಟ್ಟೆಗೆ ಹೋದ ಮಾತ್ರಕ್ಕೆ ರೋಗ ಬರಲೇಬೇಕೆಂದಿಲ್ಲ. ಬಾಯಿ, ಗಂಟಲಿನ ಗಾಯ ಅದಕ್ಕೆ ಬಾಗಿಲು ತೆರೆದುಕೊಡುತ್ತದೆ.

ಒಂದು ಹೊಲದಲ್ಲಿ ಸ್ವಲ್ಪ ಜಾಗದ ಮಣ್ಣು ಬೇರೆ ಬಣ್ಣಕ್ಕಿತ್ತು. ವಿಚಾರಿಸಿದಾಗ, ರೋಗದಿಂದ ಸತ್ತ ಕುರಿಗಳನ್ನು ಹೂಳಿದ ಜಾಗ ಅದೆಂದು ತಿಳಿಯಿತು. ಮೇಲೆಲ್ಲ ಎರೆಹುಳುಗಳ ಮಣ್ಣಿನ ಹಿಕ್ಕೆ. ಆಳದ ಬೀಜಾಣುಗಳನ್ನು ಎರೆಹುಳು ಮೇಲೆ ತರುತ್ತಿರಬಹುದು ಎಂದು ಪಾಶ್ಚರ್ ಊಹಿಸಿದರು. ಅಂಥ ಹಿಕ್ಕೆಯಿಂದ ತೆಗೆದದ್ದನ್ನು ಗಿನಿಯಿಲಿಗಳಿಗೆ ಚುಚ್ಚಿದಾಗ ರೋಗ ಬಂತು. 1880ರಲ್ಲಿ ಇದನ್ನು ಪ್ರಕಟಿಸಿದರು. ಎರೆಹುಳುವಿನ ಪಾತ್ರವನ್ನು ಕಾಕ್ ಒಪ್ಪಲಿಲ್ಲ. ಆದರೆ ರೋಗದಿಂದ ಸತ್ತ ಪ್ರಾಣಿಯನ್ನು ಮೇಯುವ ಹೊಲದಲ್ಲಿ ಹೂಳಬಾರದು ಎಂಬ ಪಾಶ್ಚರ್ ಸಲಹೆ ಉಳಿಯಿತು.

ಗೆಲುವು ಮತ್ತು ಮುಚ್ಚಿಟ್ಟ ಮಾತು

1881ರ ಮೇ 5ರಂದು ಪುಯಿ-ಲ-ಫೋರ್ ಎಂಬಲ್ಲಿ ಬಹಿರಂಗ ಪ್ರಯೋಗ ಆರಂಭವಾಯಿತು. 24 ಕುರಿ, 1 ಆಡು ಮತ್ತು ಕೆಲವು ಹಸುಗಳಿಗೆ ಲಸಿಕೆ ಹಾಕಲಾಯಿತು; ಹೋಲಿಕೆಗೆ ಅಷ್ಟೇ ಕುರಿಗಳನ್ನು ಲಸಿಕೆ ಇಲ್ಲದೆ ಬಿಡಲಾಯಿತು. ಮೇ 31ರಂದು ಎಲ್ಲಕ್ಕೂ ರೋಗಾಣು ಚುಚ್ಚಿದರು. ಜೂನ್ 2ರಂದು ಜನ ಬಂದು ನೋಡಿದಾಗ ಲಸಿಕೆ ಪಡೆದವು ನಿಂತಿದ್ದವು, ಪಡೆಯದ ಕುರಿಗಳು ಸತ್ತಿದ್ದವು ಇಲ್ಲವೇ ಸಾಯುತ್ತಿದ್ದವು.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ರೋಗಾಣುವನ್ನು ಗಾಳಿಯ ಆಮ್ಲಜನಕದಿಂದ ದುರ್ಬಲಗೊಳಿಸಿದ ಲಸಿಕೆ ಇದೆಂದು ಜನ ನಂಬುವಂತೆ ಪಾಶ್ಚರ್ ನಡೆದುಕೊಂಡರು. ನಿಜವಾಗಿ ಬಳಸಿದ್ದು ಶಾಂಬರ್ಲಾಂಡ್ ಪೊಟ್ಯಾಸಿಯಂ ಡೈಕ್ರೊಮೇಟ್‌ನಿಂದ ತಯಾರಿಸಿದ್ದು. ಅದಕ್ಕೂ ಮೊದಲು, 1880ರಲ್ಲೇ, ಪಶುವೈದ್ಯ ತೂಸಾಂ ರಾಸಾಯನಿಕ ಬಳಸಿ ಲಸಿಕೆ ಮಾಡುವ ದಾರಿ ತೋರಿಸಿದ್ದರು. ಪಾಶ್ಚರ್ ಅವರ ಟಿಪ್ಪಣಿ ಪುಸ್ತಕಗಳು ಬಹುಕಾಲ ಕುಟುಂಬದವರ ಬಳಿಯೇ ಇದ್ದವು. ಅವುಗಳನ್ನು ಓದಿದ ಇತಿಹಾಸಕಾರರಿಂದ ಈ ವಿಷಯ ಹೊರಬಂತು. ಲಸಿಕೆ ಕೆಲಸ ಮಾಡಿದ್ದು ಸತ್ಯ. ಅದರ ಬಗ್ಗೆ ಪೂರ್ತಿ ಸತ್ಯ ಹೇಳದಿದ್ದುದೂ ಸತ್ಯ.

ಕೊನೆಯ ಪ್ರಶ್ನೆ

1885ರಲ್ಲಿ ಪಾಶ್ಚರ್ ಶಿಷ್ಯ ಎಮಿಲ್ ದ್ಯೂಕ್ಲೋ ಸೂಕ್ಷ್ಮಜೀವಿಗಳಿಲ್ಲದ ಮಣ್ಣಿನಲ್ಲಿ ಬೀಜ ಬಿತ್ತಿ ನೋಡಿದರು. ಮಣ್ಣಿಗೆ ಹಾಲಿನಂಥ ಪದಾರ್ಥ ಸೇರಿಸಿದ್ದರೂ ಗಿಡ ಅದನ್ನು ಬಳಸಿಕೊಳ್ಳಲಾಗದೆ ಸೊರಗಿತು. ಪದಾರ್ಥವನ್ನು ಒಡೆದುಕೊಡುವವರೇ ಅಲ್ಲಿರಲಿಲ್ಲ. ಇದನ್ನು ಕಂಡ ಪಾಶ್ಚರ್ ಅದೇ ಪ್ರಶ್ನೆಯನ್ನು ಪ್ರಾಣಿಗೆ ಹಾಕಿದರು: ಹುಟ್ಟಿನಿಂದಲೇ ಸೂಕ್ಷ್ಮಜೀವಿ ಸೋಂಕದ ಆಹಾರ ಕೊಟ್ಟು ಸಾಕಿದರೆ ಪ್ರಾಣಿ ಉಳಿದೀತೇ? ಉಳಿಯಲಾರದು ಎಂಬುದು ಅವರ ಊಹೆ. ಆ ಪ್ರಯೋಗವನ್ನು ಅವರು ಮಾಡಲಿಲ್ಲ. 1895ರ ಸೆಪ್ಟೆಂಬರ್ 28ರಂದು ಅವರು ತೀರಿಕೊಂಡರು. ಅದೇ ವರ್ಷ ಬರ್ಲಿನ್‌ನಲ್ಲಿ ನಟ್ಟಲ್ ಮತ್ತು ಟೀರ್ಫೆಲ್ಡರ್ ಎಂಬ ಇಬ್ಬರು ಸೂಕ್ಷ್ಮಜೀವಿಗಳಿಲ್ಲದ ಗಿನಿಯಿಲಿಯನ್ನು ಕೆಲವು ದಿನ ಸಾಕಿ ತೋರಿಸಿದರು. ಊಹೆ ಅಕ್ಷರಶಃ ನಿಜವಾಗಲಿಲ್ಲ. ಆದರೆ ಬರೀ ಹುಲ್ಲು ತಿಂದು ಬದುಕುವ ಕಾಡುಪ್ರಾಣಿಗೆ ಸೂಕ್ಷ್ಮಜೀವಿಗಳಿಲ್ಲದೆ ಗತಿಯಿಲ್ಲ.

ಇಂದು ನಮಗೆ ತಿಳಿದಿರುವುದೇನು?

ಮಣ್ಣು ತಿಂದರೆ ಹೊಟ್ಟೆಗೆ ಒಳ್ಳೆಯ ಬ್ಯಾಕ್ಟೀರಿಯಾ ಸೇರುತ್ತದೆ ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಮೇಯುವ ಪ್ರಾಣಿ ಹುಲ್ಲಿನ ಜೊತೆ ಮಣ್ಣನ್ನೂ ನುಂಗುತ್ತದೆ, ನಿಜ. ಆದರೆ ಮಣ್ಣಿನ ಹೆಚ್ಚಿನ ಜೀವಿಗಳಿಗೆ ರೂಮೆನ್ ಹಿಡಿಸುವುದಿಲ್ಲ. ಅಲ್ಲಿ ಆಮ್ಲಜನಕವಿಲ್ಲ, ಬಿಸಿ ಸುಮಾರು 39 ಡಿಗ್ರಿ ಸೆಲ್ಸಿಯಸ್, ಮೊದಲೇ ನೆಲೆಸಿದವುಗಳ ಪೈಪೋಟಿ ಬೇರೆ. ಮರಿಗೆ ಬೇಕಾದ ಜೀವಿಗಳು ಮುಖ್ಯವಾಗಿ ಬರುವುದು ತಾಯಿಯ ಜೊಲ್ಲು, ಕೆಚ್ಚಲು, ಸಗಣಿ ಮತ್ತು ಹಿಂಡಿನ ಒಡನಾಟದಿಂದ. ಮಣ್ಣಿನ ಪಾಲು ಚಿಕ್ಕದು. ಅದರಲ್ಲಿ ಗೆಳೆಯರೂ ಇರಬಹುದು, ಶತ್ರುಗಳೂ ಇರಬಹುದು. ಕ್ಲಾಸ್ಟ್ರಿಡಿಯಂ ಎಂಬ ಒಂದೇ ಗುಂಪಿನಲ್ಲಿ ಮಣ್ಣಿನಲ್ಲಿ ಬಾಳುವವು, ಕರುಳಿನಲ್ಲಿ ನೆಲೆಸುವವು, ಜಾನುವಾರಿಗೆ ಚಪ್ಪೆ ರೋಗ ತರುವವು ಎಲ್ಲವೂ ಇವೆ.

ಪಾಶ್ಚರ್ ಹುಡುಕಿದ ದಾರಿ ಆಫ್ರಿಕಾದ ನಮೀಬಿಯಾದಲ್ಲಿರುವ ಎಟೋಷಾ ರಾಷ್ಟ್ರೀಯ ಉದ್ಯಾನದಲ್ಲಿ ಇಂದಿಗೂ ತೆರೆದೇ ಇದೆ. ಅಲ್ಲಿ ಆಂಥ್ರಾಕ್ಸ್‌ನಿಂದ ಜೀಬ್ರಾಗಳು ಸಾಯುತ್ತವೆ. ಸತ್ತ ದೇಹ ಮಣ್ಣಿಗೆ ಸಾರಜನಕ, ರಂಜಕ ಸೇರಿಸುತ್ತದೆ; ಜೊತೆಗೆ ಬೀಜಾಣುಗಳನ್ನೂ. ಆ ಜಾಗದಲ್ಲಿ ಹುಲ್ಲು ಹುಲುಸಾಗಿ ಬೆಳೆಯುತ್ತದೆ, ಹಸಿರು ಕಂಡು ಬೇರೆ ಪ್ರಾಣಿಗಳು ಮೇಯಲು ಬರುತ್ತವೆ. ಇದನ್ನು ಸಂಶೋಧಕರು 2014ರಲ್ಲಿ ವಿವರವಾಗಿ ಪ್ರಕಟಿಸಿದ್ದಾರೆ.

ಹಾಗಾಗಿ ನಮ್ಮ ಹಟ್ಟಿಯ ಕುರಿಯೋ ದನವೋ ಇದ್ದಕ್ಕಿದ್ದಂತೆ ಸತ್ತು, ಮೂಗು ಗುದದಿಂದ ರಕ್ತ ಸೋರಿದರೆ ಆ ದೇಹವನ್ನು ಕೊಯ್ಯಬೇಡಿ, ಮುಟ್ಟಬೇಡಿ. ಮೊದಲು ಪಶುವೈದ್ಯರಿಗೆ ತಿಳಿಸಿ. ಕೊಯ್ದರೆ ಗಾಳಿ ತಾಗಿದ ರೋಗಾಣು ಬೀಜಾಣುವಾಗಿ ಮಣ್ಣು ಸೇರುತ್ತದೆ. ಮುಂದೆ ಅಲ್ಲಿ ಮೇಯುವ ಪ್ರಾಣಿಗಾಗಿ ಅದು ವರ್ಷಗಟ್ಟಲೆ ಕಾಯಬಲ್ಲದು.