ಹೆರಿಗೆ ಕ್ಲಾಸ್ ಹುಟ್ಟಿದ್ದು ಕಾರ್ಮಿಕರ ಆಸ್ಪತ್ರೆಯಲ್ಲಿ: ಡಾ. ಲಮಾಝ್ ಕಥೆ

ಬೆಂಗಳೂರಿನ ಯಾವುದಾದರೂ ದೊಡ್ಡ ಖಾಸಗಿ ಆಸ್ಪತ್ರೆಯ ಬಸುರಿಯರ ಕ್ಲಾಸಿಗೆ ಹೋಗಿ ನೋಡಿ. ಚೊಚ್ಚಲ ಬಸುರಿಯರು ಚಾಪೆ ಮೇಲೆ ಕೂತಿರುತ್ತಾರೆ. ಪಕ್ಕದಲ್ಲಿ ಗಂಡಂದಿರು, ಸ್ವಲ್ಪ ಮುಜುಗರದಲ್ಲೇ ಬೆನ್ನು ನೀವುತ್ತಾ ಇರುತ್ತಾರೆ. ನೋವು ಬಂದಾಗ ಉಸಿರು ಹೇಗೆ ತಗೋಬೇಕು, ಹೇಗೆ ಬಿಡಬೇಕು ಅಂತ ಎದುರಿಗಿರುವವರು ಹೇಳಿಕೊಡುತ್ತಾರೆ. ಇದಕ್ಕೆಲ್ಲ ಲಮಾಝ್ ಅನ್ನೋ ಹೆಸರಿದೆ. ಶುಲ್ಕವೂ ಇದೆ.

ಆ ಹೆಸರು ಒಬ್ಬ ಫ್ರೆಂಚ್ ಡಾಕ್ಟರದ್ದು. ಅವರು ಈ ಕ್ಲಾಸ್ ಶುರು ಮಾಡಿದ್ದು ಶ್ರೀಮಂತರ ನರ್ಸಿಂಗ್ ಹೋಮಿನಲ್ಲಲ್ಲ, ಲೋಹದ ಕಾರ್ಖಾನೆಗಳ ಕಾರ್ಮಿಕ ಸಂಘ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ.

ಫರ್ನಾಂಡ್ ಲಮಾಝ್ ಹುಟ್ಟಿದ್ದು 1890ರ ದಶಕದ ಆರಂಭದಲ್ಲಿ. ಪ್ಯಾರಿಸ್‌ನಲ್ಲಿ ದಶಕಗಳ ಕಾಲ ಹೆರಿಗೆ ಮಾಡಿಸಿದರು. ಆ ಕಾಲದ ಹೆರಿಗೆ ಕೋಣೆ ಹೇಗಿತ್ತು ಅನ್ನೋದನ್ನು ನೆನಪಿಡಬೇಕು. ಹೆರಿಗೆ ನೋವು ಈವ್‌ಗೆ ಸಿಕ್ಕ ಶಾಪ, ಹೆಣ್ಣು ಅದನ್ನು ಅನುಭವಿಸಲೇಬೇಕು ಅನ್ನೋ ನಂಬಿಕೆ ಯುರೋಪಿನಲ್ಲಿ ಗಟ್ಟಿಯಾಗಿತ್ತು. ತನ್ನ ದೇಹದಲ್ಲಿ ಏನಾಗುತ್ತಿದೆ ಅಂತ ಹೆರುವವಳಿಗೆ ಯಾರೂ ಹೇಳುತ್ತಿರಲಿಲ್ಲ. ಗಂಡ ಹೊರಗೆ ಕಾಯುತ್ತಿದ್ದ. ಅವಳು ಒಂಟಿಯಾಗಿ ಕಿರುಚಬೇಕಿತ್ತು, ಇಲ್ಲವೇ ಮದ್ದಿನ ಮಂಪರಿನಲ್ಲಿ ಹೆರಬೇಕಿತ್ತು.

1951ರಲ್ಲಿ, ಸುಮಾರು ಅರವತ್ತನೇ ವಯಸ್ಸಿನಲ್ಲಿ, ಫ್ರೆಂಚ್ ವೈದ್ಯರ ತಂಡದ ಜೊತೆ ಲಮಾಝ್ ಸೋವಿಯತ್ ಒಕ್ಕೂಟಕ್ಕೆ ಹೋದರು. ಅಲ್ಲಿ ವೆಲ್ವೋವ್‌ಸ್ಕಿ ಎಂಬ ವೈದ್ಯ ಮತ್ತು ಅವರ ಸಂಗಡಿಗರು ಹೊಸ ವಿಧಾನವೊಂದನ್ನು ರೂಪಿಸಿದ್ದರು. ಅದಕ್ಕೆ ಆಧಾರ ಪಾವ್ಲೋವ್‌ನ ಸಿದ್ಧಾಂತ. ಗಂಟೆ ಬಾರಿಸಿದರೆ ನಾಯಿಯ ಬಾಯಲ್ಲಿ ನೀರೂರುವಂತೆ, ಗರ್ಭಕೋಶ ಬಿಗಿದರೆ ನೋವು ಅಂತ ಸಮಾಜ ಹೆಣ್ಣಿಗೆ ಕಲಿಸಿಬಿಟ್ಟಿದೆ, ಕಲಿತದ್ದನ್ನು ಮರೆಸಿ ಬೇರೆ ಪ್ರತಿಕ್ರಿಯೆ ಕಲಿಸಬಹುದು ಅನ್ನೋದು ಅವರ ವಾದ. ಮಹಾಯುದ್ಧದಿಂದ ಜರ್ಜರಿತವಾಗಿದ್ದ ದೇಶದಲ್ಲಿ ಎಲ್ಲ ಹೆರಿಗೆಗೂ ಅರಿವಳಿಕೆ ಕೊಡೋದು ಸಾಧ್ಯವಿರಲಿಲ್ಲ ಅನ್ನೋದೂ ಇದರ ಹಿಂದಿತ್ತು. ಅದೇ ವರ್ಷ ಸೋವಿಯತ್ ಸರ್ಕಾರ ಇದನ್ನು ಅಧಿಕೃತವಾಗಿ ಜಾರಿಗೆ ತಂದಿತ್ತು.

ಲೆನಿನ್‌ಗ್ರಾಡ್‌ನಲ್ಲಿ ಲಮಾಝ್ ಹೆರಿಗೆಯೊಂದನ್ನು ಕಣ್ಣಾರೆ ಕಂಡರು. ಮದ್ದಿಲ್ಲದೆ, ಗಾಬರಿಯಿಲ್ಲದೆ, ಏನು ಮಾಡಬೇಕೆಂದು ಗೊತ್ತಿದ್ದೇ ಆಕೆ ಹೆತ್ತಳು. ದಶಕಗಳ ಅನುಭವವಿದ್ದ ಡಾಕ್ಟರು ತಮ್ಮ ಕೆಲಸವನ್ನು ಮತ್ತೆ ಮೊದಲಿನಿಂದ ಕಲಿಯಲು ತೀರ್ಮಾನಿಸಿದರು. ನಿವೃತ್ತಿಯ ವಯಸ್ಸಲ್ಲಿ ಇದೇನು ಸಣ್ಣ ಮಾತಲ್ಲ.

ಪ್ಯಾರಿಸ್‌ನ ಬ್ಲುಯೆ ಬೀದಿಯಲ್ಲಿ ಲೋಹ ಕಾರ್ಮಿಕರ ಸಂಘದ ಆಸ್ಪತ್ರೆಯಿತ್ತು. ಅದರ ಹೆರಿಗೆ ವಿಭಾಗ ಲಮಾಝ್ ಕೈಯಲ್ಲಿತ್ತು. 1952ರಿಂದ ಅಲ್ಲಿ ಕ್ಲಾಸುಗಳು ಶುರುವಾದವು. ಗರ್ಭಕೋಶ ಹೇಗೆ ಕೆಲಸ ಮಾಡುತ್ತದೆ, ನೋವಿನ ಹಂತಗಳು ಯಾವುವು, ಯಾವ ಹಂತದಲ್ಲಿ ಯಾವ ಉಸಿರು ಅಂತ ಕಾರ್ಮಿಕ ಕುಟುಂಬದ ಹೆಂಗಸರಿಗೆ ಪಾಠವಾಯಿತು. ಗಂಡಂದಿರನ್ನೂ ಕರೆದರು. ಬರೀ ಡಾಕ್ಟರಲ್ಲ, ಸೂಲಗಿತ್ತಿಯಿಂದ ಆಯಾತನಕ ಆಸ್ಪತ್ರೆಯ ಎಲ್ಲರೂ ಹೆರುವವಳ ಜೊತೆ ಹೇಗೆ ಮಾತಾಡಬೇಕು ಅಂತ ಕಲಿಯಬೇಕಾಯಿತು.

ವಿರೋಧ ಬರದೇ ಇರುತ್ತಾ? ಅದು ಶೀತಲ ಸಮರದ ಕಾಲ. ರಷ್ಯಾದಿಂದ ಬಂದ ವಿಧಾನ, ಎಡಪಂಥೀಯ ಸಂಘದ ಆಸ್ಪತ್ರೆ. ವೈದ್ಯರ ವಲಯದಲ್ಲಿ ಅನೇಕರಿಗೆ ಇದು ಚಿಕಿತ್ಸೆಗಿಂತ ಹೆಚ್ಚಾಗಿ ಕಮ್ಯುನಿಸ್ಟ್ ಪ್ರಚಾರದಂತೆ ಕಂಡಿತು. ಆದರೆ 1956ರ ಜನವರಿಯಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಅವರೇ ಈ ವಿಧಾನದಲ್ಲಿ ಧರ್ಮಕ್ಕೆ ವಿರುದ್ಧವಾದದ್ದೇನೂ ಇಲ್ಲ ಎಂಬ ನಿಲುವು ತಳೆದರು. ಮರುವರ್ಷ, 1957ರ ಮಾರ್ಚ್‌ನಲ್ಲಿ ಲಮಾಝ್ ತೀರಿಕೊಂಡರು.

ಹೆಸರು ಜಗತ್ತಿಗೆಲ್ಲ ಹರಡಿದ್ದು ಆಮೇಲೆ. ಪ್ಯಾರಿಸ್‌ನಲ್ಲಿ ಅವರ ಕೈಯಲ್ಲೇ ಹೆರಿಗೆ ಮಾಡಿಸಿಕೊಂಡಿದ್ದ ಅಮೆರಿಕದ ಮಾರ್ಜೊರಿ ಕಾರ್ಮೆಲ್ 1959ರಲ್ಲಿ ಆ ಅನುಭವವನ್ನು ಪುಸ್ತಕ ಮಾಡಿದರು. ಮರುವರ್ಷ ಎಲಿಜಬೆತ್ ಬಿಂಗ್ ಜೊತೆ ಸೇರಿ ಸಂಸ್ಥೆ ಕಟ್ಟಿದರು. ಅಮೆರಿಕದಲ್ಲಿ ರಷ್ಯಾದ ಮೂಲ ಹಿಂದಕ್ಕೆ ಸರಿದು, ಫ್ರೆಂಚ್ ಡಾಕ್ಟರ ಹೆಸರಷ್ಟೇ ಮುಂದೆ ಬಂತು. ವೆಲ್ವೋವ್‌ಸ್ಕಿ ಯಾರಿಗೂ ನೆನಪಿಲ್ಲ. ಕಾರ್ಮಿಕ ಸಂಘವೂ ಅಷ್ಟೇ.

ಹಾಗಂತ ಲಮಾಝ್‌ರನ್ನು ದೇವರ ಪಟ ಮಾಡಿ ಗೋಡೆಗೆ ನೇತುಹಾಕೋದು ಬೇಡ. ಹೆರಿಗೆ ವೇಳೆ ಹೆಂಗಸರು ಹೇಗೆ ನಡೆದುಕೊಂಡರು ಅನ್ನೋದರ ಮೇಲೆ ಅವರು ಅತ್ಯುತ್ತಮದಿಂದ ವಿಫಲದವರೆಗೆ ದರ್ಜೆ ಕೊಡುತ್ತಿದ್ದರು. ಶಿಸ್ತಾಗಿ ಉಸಿರಾಡಿದವಳು ಪಾಸು, ಕಿರುಚಿದವಳು ಫೇಲು! ನೋವು ಬರೀ ಕಲಿತ ಅಭ್ಯಾಸ ಅನ್ನೋ ಅವರ ವಾದವೂ ಪೂರ್ತಿ ನಿಲ್ಲಲಿಲ್ಲ. ನೋವು ನಿಜ, ಅದಕ್ಕೆ ಮದ್ದು ಕೇಳೋದು ಹೆಣ್ಣಿನ ಹಕ್ಕು. ಸಹಜ ಹೆರಿಗೆ ಆಗದಿದ್ದರೆ ತಪ್ಪು ನಿನ್ನದೇ ಅಂತ ಇವತ್ತಿಗೂ ತಾಯಂದಿರನ್ನು ಚುಚ್ಚುವ ಮಾತುಗಳಲ್ಲಿ ಅಂಥದೇ ದರ್ಜೆ ಪಟ್ಟಿಯ ನೆರಳಿದೆ.

ಆದರೂ ಅವರ ಕೆಲಸದಲ್ಲಿ ಉಳಿಯುವಂಥದ್ದು ಒಂದಿದೆ. ತನ್ನ ದೇಹದ ಬಗ್ಗೆ ತಿಳಿದುಕೊಳ್ಳೋದು, ಹೆರುವಾಗ ತನ್ನವರೊಬ್ಬರು ಪಕ್ಕದಲ್ಲಿರೋದು ಕೂಲಿಕಾರನ ಹೆಂಡತಿಗೂ ಸಿಗಬೇಕಾದ್ದು ಅಂತ ಆ ಆಸ್ಪತ್ರೆ ತೋರಿಸಿಕೊಟ್ಟಿತು.

ನಮ್ಮಲ್ಲಿ ಏನಾಗಿದೆ? ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರುವವಳ ಜೊತೆ ಒಬ್ಬ ಸಂಗಾತಿ ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿತು. ಹೆರಿಗೆ ಅನುಭವವಿರುವ ಹೆಂಗಸಿಗೆ ಆದ್ಯತೆ, ಮರೆಯ ವ್ಯವಸ್ಥೆ ಇದ್ದಲ್ಲಿ ಗಂಡನಿಗೂ ಅವಕಾಶ. ಆದರೆ ಒಂದೇ ಕೋಣೆಯಲ್ಲಿ ಸಾಲು ಮಂಚಗಳಿದ್ದು, ನಡುವೆ ಪರದೆಯೂ ಇಲ್ಲದ ಕಡೆ ಆ ಆದೇಶಕ್ಕೆ ಅರ್ಥವೇನು? ಪ್ರತಿ ತಿಂಗಳ 9ನೇ ತಾರೀಕು ಉಚಿತ ತಪಾಸಣೆಗೆ ಬಸುರಿಯರು ತಾಯಿ ಕಾರ್ಡ್ ಹಿಡಿದು ಸರದಿಯಲ್ಲಿ ಕೂರುತ್ತಾರೆ. ಆ ಕಾಯುವ ಹೊತ್ತನ್ನೇ ಕ್ಲಾಸ್ ಮಾಡಲು ಬೇಕಿರೋದು ಒಂದು ಕೋಣೆ, ನಾಲ್ಕು ಚಾಪೆ, ಸರಿಯಾದ ಸಂಬಳ ಕೊಟ್ಟು ನೇಮಿಸಿದ ಒಬ್ಬ ನರ್ಸ್.

ಪ್ಯಾಕೇಜ್ ಕೊಳ್ಳುವವರಿಗೆ ಉಸಿರಾಟದ ಪಾಠ, ಉಳಿದವರಿಗೆ ಬೈಗುಳ ಅನ್ನೋ ಲೆಕ್ಕವನ್ನು ನಮ್ಮ ಸಂಘಟನೆಗಳು ಪ್ರಶ್ನಿಸಬೇಕು. ಆರೋಗ್ಯದ ಬೇಡಿಕೆಪಟ್ಟಿಯಲ್ಲಿ ಹೆರಿಗೆ ಕೋಣೆಯ ಪರದೆಯೂ ಒಂದು ಸಾಲಾಗಿ ಸೇರಲಿ.