ದಾಸಿಯ ಮಗಳು: ಕಿಲ್ಡೇರಿನ ಸಂತ ಬ್ರಿಜಿಡ್

ಐರ್ಲೆಂಡಿನ ಜನ ತಮ್ಮ ನಾಡಿನ ಪೋಷಕರೆಂದು ಗೌರವಿಸುವ ಸಂತರು ಮೂವರು: ಪ್ಯಾಟ್ರಿಕ್, ಕೊಲಂಬಾ ಮತ್ತು ಬ್ರಿಜಿಡ್. ಮೂವರಲ್ಲಿ ಬ್ರಿಜಿಡ್ ಒಬ್ಬಳೇ ಹೆಣ್ಣು. ಪ್ಯಾಟ್ರಿಕ್ ಸ್ವತಃ ಬರೆದ ಬರಹಗಳು ಇಂದಿಗೂ ಉಳಿದಿವೆ; ಬ್ರಿಜಿಡಳ ಕೈಬರಹವೆನ್ನಲು ಒಂದಕ್ಷರವೂ ಇಲ್ಲ. ಆಕೆ ನಮಗೆ ದೊರೆಯುವುದು ಅನ್ಯರು ಬರೆದ ಚರಿತೆಗಳಲ್ಲಿ, ಜನರ ಆಚರಣೆಗಳಲ್ಲಿ. ಸಾಂಪ್ರದಾಯಿಕ ಗಣನೆಯಂತೆ ಆಕೆಯ ಜನನ ಕ್ರಿ.ಶ. 451ರ ಸುಮಾರಿಗೆ, ಮರಣ 525ರ ಸುಮಾರಿಗೆ. ಹುಟ್ಟೂರು ಡಂಡಾಕ್ ಪಟ್ಟಣದ ಸಮೀಪದ ಫಾಖರ್ಟ್ ಎಂಬುದು ಐತಿಹ್ಯ.

ಆಕೆಯ ಚರಿತೆಗಳಲ್ಲಿ ಪ್ರಾಚೀನವಾದುದೊಂದನ್ನು ಲ್ಯಾಟಿನ್ ಭಾಷೆಯಲ್ಲಿ ರಚಿಸಿದವನು ಕೊಗಿಟೋಸಸ್ ಎಂಬ ಕಿಲ್ಡೇರಿನ ಸನ್ಯಾಸಿ. ಕಾಲ 7ನೆಯ ಶತಮಾನ. ಅವನ ಪ್ರಕಾರ ಬ್ರಿಜಿಡಳ ತಂದೆತಾಯಿಗಳಿಬ್ಬರೂ ಕುಲೀನರು, ಕ್ರೈಸ್ತರು. ಆದರೆ ಇತರ ಚರಿತೆಗಳು ಬೇರೆಯದೇ ಕಥೆ ಹೇಳುತ್ತವೆ. ತಂದೆ ದುವ್ತಾಖ್ ಲೆನ್‌ಸ್ಟರ್ ಪ್ರಾಂತದ ಒಬ್ಬ ನಾಯಕ. ತಾಯಿ ಬ್ರೋಕ್ಸೆಖ್ ಅವನ ಮನೆಯ ದಾಸಿ. ದಾಸಿ ಗರ್ಭಿಣಿಯೆಂದು ತಿಳಿದಾಗ ನಾಯಕನ ಪತ್ನಿ ಹಟ ಹಿಡಿದು ಅವಳನ್ನು ಮಾರಿಸಿದಳು. ಕೊನೆಗೆ ಅವಳು ಹಳೆಯ ಧರ್ಮದ ಪುರೋಹಿತನಾದ ಒಬ್ಬ ಡ್ರೂಯಿಡನ ಸೊತ್ತಾದಳು. ಕೊಗಿಟೋಸಸನ ಕಾಲಕ್ಕೆ ಕಿಲ್ಡೇರ್ ಮಠವು ಇಡೀ ಐರ್ಲೆಂಡಿನ ಮೇಲೆ ತನ್ನ ಹಿರಿಮೆಯನ್ನು ಸಾರುತ್ತಿತ್ತು. ಅಂಥ ಮಠದ ಸ್ಥಾಪಕಿಗೆ ಅವನು ಕುಲೀನ ಹುಟ್ಟನ್ನೇ ಬರೆದ. ಜನರ ನೆನಪು ಮಾತ್ರ ದಾಸಿಯನ್ನು ಬಿಟ್ಟುಕೊಡಲಿಲ್ಲ.

ಸೂರ್ಯೋದಯದ ಹೊತ್ತಿಗೆ ಹಾಲಿನ ಪಾತ್ರೆ ಹಿಡಿದು ಬ್ರೋಕ್ಸೆಖ್ ಹೊಸ್ತಿಲು ದಾಟುತ್ತಿದ್ದಳು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇದ್ದಾಗಲೇ ಮಗು ಹುಟ್ಟಿತು. ಒಳಗಿನದೂ ಅಲ್ಲದ, ಹೊರಗಿನದೂ ಅಲ್ಲದ ಆ ಎಡೆ, ನಾಯಕನಿಗೂ ದಾಸಿಗೂ ಹುಟ್ಟಿದ ಕೂಸಿನ ಸ್ಥಾನವನ್ನೇ ಸೂಚಿಸುವಂತಿದೆ.

ಬೆಳೆದ ಬ್ರಿಜಿಡ್ ತಂದೆಯ ಮನೆಗೆ ಬಂದಳು. ಕೆಲಕಾಲದ ಮೇಲೆ ತಾಯಿಗೆ ನೆರವಾಗಲು ಡ್ರೂಯಿಡನ ಹಟ್ಟಿಗೆ ಹೋದಳು. ಅಲ್ಲಿ ಕಡೆದು ತೆಗೆದ ಬೆಣ್ಣೆಯನ್ನೆಲ್ಲ ಬಡವರಿಗೆ ಹಂಚಿಬಿಟ್ಟಳು. ಲೆಕ್ಕ ನೋಡಲು ಬಂದ ಒಡೆಯನ ಮುಂದೆ ಆಕೆಯ ಪ್ರಾರ್ಥನೆಯಿಂದ ಬುಟ್ಟಿ ತುಂಬಿತು. ಬೆರಗಾದ ಅವನು ಬೆಣ್ಣೆಯನ್ನೂ ಹಸುಗಳನ್ನೂ ಆಕೆಗೇ ಕೊಡಹೋದ. ಹಸುಗಳು ಬೇಡ, ತಾಯಿಯ ಬಿಡುಗಡೆ ಬೇಕೆಂದಳು ಬ್ರಿಜಿಡ್. ಡ್ರೂಯಿಡ್ ಎರಡನ್ನೂ ಕೊಟ್ಟ. ಹಸುಗಳೂ ಬಡವರ ಪಾಲಾದವು.

ಮಗಳ ದಾನಶೀಲತೆಯಿಂದ ಬೇಸತ್ತ ದುವ್ತಾಖ್ ಅವಳನ್ನು ಲೆನ್‌ಸ್ಟರಿನ ಅರಸನಿಗೆ ಮಾರಲು ರಥದಲ್ಲಿ ಕರೆದೊಯ್ದ. ಅವನು ಒಳಗೆ ಹೋದಾಗ ಕುಷ್ಠರೋಗಿಯೊಬ್ಬ ಬಂದು ಬೇಡಿದ. ರಥದಲ್ಲಿದ್ದ ತಂದೆಯ ಖಡ್ಗವನ್ನೇ ಬ್ರಿಜಿಡ್ ಅವನಿಗಿತ್ತಳು. ಅರಸ ಅವಳನ್ನು ಕೊಳ್ಳಲಿಲ್ಲ. ಇಂಥವಳಿಗೆ ಬೆಲೆ ಕಟ್ಟುವುದು ಮನುಷ್ಯರ ಅಳವಲ್ಲವೆಂದು ತಿಳಿದು ದುವ್ತಾಖನಿಗೆ ಬೇರೊಂದು ಖಡ್ಗ ಕೊಟ್ಟು ಕಳುಹಿಸಿದ. ಈ ಕಥೆಗಳಲ್ಲಿ ಬ್ರಿಜಿಡ್ ಕೊಡುವ ಬೆಣ್ಣೆಯಾಗಲಿ ಖಡ್ಗವಾಗಲಿ ಆಕೆಯದಲ್ಲ. ಸ್ವಂತದ್ದೆಂದು ಏನೂ ಇಲ್ಲದವಳು ಒಡೆಯನ ಸೊತ್ತನ್ನು ಹಸಿದವರ ಸೊತ್ತಾಗಿಸುತ್ತಾಳೆ. ಇವುಗಳ ಹುರುಳು ಪವಾಡಕ್ಕಿಂತ ಹೆಚ್ಚಾಗಿ ಇಲ್ಲಿದೆ.

ಮದುವೆಯನ್ನು ನಿರಾಕರಿಸಿ ಸನ್ಯಾಸಿನಿಯಾದ ಬ್ರಿಜಿಡ್, ಓಕ್ ಮರದ ಬಳಿ ಒಂದು ಮಠವನ್ನು ಕಟ್ಟಿದಳು. ಕಿಲ್ಡೇರ್ ಎಂಬ ಹೆಸರಿನ ಅರ್ಥವೇ ಓಕ್ ಮರದ ಚರ್ಚು. ಗಂಡಸರೂ ಹೆಂಗಸರೂ ಅಲ್ಲಿ ಸನ್ಯಾಸ ಜೀವನ ನಡೆಸುತ್ತಿದ್ದರು. ಲೋಹಶಿಲ್ಪಿಯಾಗಿದ್ದ ಕೊನ್ಲೆತ್ ಅಲ್ಲಿನ ಬಿಷಪ್; ಅವನನ್ನು ಆರಿಸಿ ಕರೆತಂದವಳು ಬ್ರಿಜಿಡ್. ಚರ್ಚಿನ ಪೂಜಾವೇದಿಯ ಇಕ್ಕೆಲಗಳಲ್ಲಿ ಅವರಿಬ್ಬರ ಸಮಾಧಿಗಳಿದ್ದವೆಂದೂ ಮೇಲೆ ಬೆಳ್ಳಿಬಂಗಾರದ ಕಿರೀಟಗಳು ತೂಗುತ್ತಿದ್ದವೆಂದೂ ಕೊಗಿಟೋಸಸ್ ವರ್ಣಿಸಿದ್ದಾನೆ. ಮುಂದೆ ವೈಕಿಂಗರ ದಾಳಿಗೆ ಅಂಜಿ ಆಕೆಯ ಅವಶೇಷಗಳನ್ನು ಡೌನ್‌ಪ್ಯಾಟ್ರಿಕ್‌ಗೆ ಸಾಗಿಸಿದರೆಂದು ಪ್ರತೀತಿ.

12ನೆಯ ಶತಮಾನದಲ್ಲಿ ಐರ್ಲೆಂಡಿನ ವರ್ಣನೆ ಬರೆದ ವೇಲ್ಸಿನ ಜೆರಾಲ್ಡ್, ಕಿಲ್ಡೇರಿನ ಆರದ ಬೆಂಕಿಯ ಸಂಗತಿಯನ್ನು ದಾಖಲಿಸಿದ್ದಾನೆ. ಹತ್ತೊಂಬತ್ತು ಸನ್ಯಾಸಿನಿಯರು ಸರದಿಯಂತೆ ಒಂದೊಂದು ರಾತ್ರಿ ಅದನ್ನು ಕಾಯುತ್ತಿದ್ದರು. ಇಪ್ಪತ್ತನೆಯ ರಾತ್ರಿ ಬ್ರಿಜಿಡಳದು. ಸುತ್ತಲಿನ ಬೇಲಿಯನ್ನು ಗಂಡಸರು ದಾಟುವಂತಿರಲಿಲ್ಲ. ಬ್ರಿಜಿಡ್ ಎಂಬುದು ಐರ್ಲೆಂಡಿನ ಪುರಾತನ ದೇವಿಯೊಬ್ಬಳ ಹೆಸರೂ ಹೌದು. ಆಕೆ ಕವಿಗಳ ಆರಾಧ್ಯ ದೈವ. ವೈದ್ಯಕ್ಕೂ ಕಮ್ಮಾರಿಕೆಗೂ ಒಡತಿಯರಾದ ಅದೇ ಹೆಸರಿನ ಸೋದರಿಯರು ಆಕೆಗಿದ್ದರು. ಸಂತಳ ಹಬ್ಬವಾದ ಫೆಬ್ರವರಿ 1 ಹಳೆಯ ವಸಂತಾರಂಭದ ದಿನವೂ ಆಗಿದೆ. ದೇವಿಯ ನೆನಪು ಸಂತಳ ನೆನಪಿನೊಡನೆ ಬೆರೆತಿರುವುದು ಸಹಜವೇ.

16ನೆಯ ಶತಮಾನದ ಮತಸುಧಾರಣೆಯ ಕಾಲಕ್ಕೆ ಮಠ ಮುಚ್ಚಿತು, ಬೆಂಕಿಯೂ ಉಳಿಯಲಿಲ್ಲ. ಆದರೂ ಹಬ್ಬದ ಮುನ್ನಾದಿನ ಹಳ್ಳಿಯ ಜನ ಜೊಂಡಿನಿಂದ ಶಿಲುಬೆ ಹೆಣೆದು ಬಾಗಿಲ ಮೇಲೆ ಸಿಕ್ಕಿಸುವುದನ್ನು ಬಿಡಲಿಲ್ಲ. 1993ರಲ್ಲಿ ಸನ್ಯಾಸಿನಿಯರು ಕಿಲ್ಡೇರಿನಲ್ಲಿ ಆ ಜ್ಯೋತಿಯನ್ನು ಮರಳಿ ಹೊತ್ತಿಸಿದರು. 2023ರಿಂದ ಐರ್ಲೆಂಡ್ ಗಣರಾಜ್ಯದಲ್ಲಿ ಆಕೆಯ ಹೆಸರಿನಲ್ಲಿ ಸಾರ್ವಜನಿಕ ರಜೆ ಇದೆ. ಹೆಣ್ಣೊಬ್ಬಳ ಹೆಸರಿನ ಮೊದಲ ರಜೆ ಅದು. ಮಾರಾಟಕ್ಕೆಂದು ರಥವೇರಿದ್ದ ದಾಸಿಯ ಮಗಳಿಗೆ ಒಂದು ನಾಡು ಸಲ್ಲಿಸಿದ ಗೌರವ ಅದು.